ತುಟಿ ನೋಡುವ ಕಿಟಕಿ

ಜನವರಿ 8

ಫೋರ್ಮನ್ ಸಾಹೇಬರಿಗೆ,

ಅಕ್ಷರ ನೋಡಿ ಯಾವುದೋ ಮಗು ಗೀಚಿದೆ ಎಂದುಕೊಳ್ಳಬೇಡ. ಬರೆಯುತ್ತಿರುವವನು ನಾನೇ, ಬಣ್ಣದ ಕಾರ್ಖಾನೆಯ ಕಬ್ಬಿಣದ ಶೆಡ್ಡಿನಲ್ಲಿ ಹದಿನಾಲ್ಕು ವರ್ಷ ನಿನ್ನ ಜೋಡಿಯಾಗಿದ್ದವನು. ಆವತ್ತಿನಿಂದ ಕೈ ಹೀಗೇ ನಡುಗುತ್ತದೆ. ಈಗ ಒಂದು ಶಾಲೆಯಲ್ಲಿ ಪುಸ್ತಕಗಳ ಮೇಲೆ ಮುದ್ರೆ ಒತ್ತುವ ಕೆಲಸ. ಮುದ್ರೆ ಸೊಟ್ಟಗೆ ಬಿದ್ದರೂ ಮಕ್ಕಳು ದೂರು ಹೇಳುವುದಿಲ್ಲ.

ಫೋನು ಮಾಡಬಹುದಿತ್ತು. ನಿನ್ನ ದನಿ ಕೇಳಿದರೆ ಬಾಯಿಗೆ ಬೈಗುಳ ಬಿಟ್ಟು ಬೇರೇನೂ ಬರುವುದಿಲ್ಲವೇನೋ ಎಂದು ಕಾಗದ ಹಿಡಿದಿದ್ದೇನೆ. ಹನ್ನೊಂದು ವರ್ಷದ ಹಿಂದಿನ ಮಾತು ಹಾಗೇ ಇರಲಿ, ಅದನ್ನು ಕೆದಕಲು ಬರೆಯುತ್ತಿಲ್ಲ.

ನನ್ನ ಮಗಳು ನಿನ್ನ ಕೈಕೆಳಗೆ ಬಂದಿದ್ದಾಳೆ. ರಸಾಯನಶಾಸ್ತ್ರ ಓದಿದವಳು. ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿದೆ ಎಂದು ನಮಗೆ ಹೇಳಿ ಹೋಗಿದ್ದಳು. ಮೊನ್ನೆ ರಜೆಗೆ ಬಂದಾಗ ಒಗೆಯಲು ಹಾಕಿದ ಅಂಗಿಯ ತೋಳನ್ನು ಮೂಸಿದೆ. ಹಳಸಿದ ಮೀನಿನಂಥ ಆ ವಾಸನೆಯನ್ನು ನನಗೆ ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. "ಎಲ್ಲಿ ಹಾಕಿದಾರೆ ನಿನ್ನ?" ಎಂದೆ. ತಟ್ಟೆ ನೋಡುತ್ತಾ, "ಅದೇ ಅಪ್ಪಾ, ನಿನ್ನ ಶೆಡ್ಡಲ್ಲೇ," ಎಂದಳು. ಅವಳ ಅಮ್ಮ ಸೌಟು ಹಿಡಿದವಳು ಹಾಗೇ ನಿಂತುಬಿಟ್ಟಳು.

ಕೆಲಸ ಬಿಡು ಎಂದೆ. ಬಿಡುವುದಿಲ್ಲ ಎಂದಳು. ಹಾಗಾಗಿ ನಿನ್ನ ಬಾಗಿಲಿಗೆ ಬಂದಿದ್ದೇನೆ. ಒಂದೇ ಕೋರಿಕೆ. ದಿನಾ ಪಾಳಿ ಮುಗಿಯುವ ಹೊತ್ತಿಗೆ ಅವಳ ತುಟಿ ನೋಡು. ಉಗುರನ್ನೂ ನೋಡು. ನಾವು ಇಳಿಸುವ ಆ ಅನಿಲೀನ್ ಎಣ್ಣೆ ಬೆಂಕಿಯ ಹಾಗೆ ಸುಟ್ಟು ಎಚ್ಚರಿಸುವುದಿಲ್ಲ, ಚರ್ಮದೊಳಗೆ ಸದ್ದಿಲ್ಲದೆ ಇಳಿದು ರಕ್ತ ಸೇರುತ್ತದೆ. ಆಮೇಲೆ ಆ ರಕ್ತ ಉಸಿರು ಹೊರುವುದಿಲ್ಲ. ತುಟಿ ನೀಲಿಯಾದವನು ತಾನು ಚೆನ್ನಾಗಿದ್ದೇನೆ ಎಂದು ನಗುತ್ತಲೇ ಇರುತ್ತಾನೆ. ಅದಕ್ಕೇ ತಾನೆ ನಾವು ಜೋಡಿ ಜೋಡಿಯಾಗಿ ಒಬ್ಬರ ತುಟಿ ಒಬ್ಬರು ನೋಡುತ್ತಿದ್ದದ್ದು?

ಕಿಟಕಿಯ ಬೆಳಕಿನಲ್ಲಿ ನೋಡು. ದೀಪದ ಕೆಳಗೆ ನೋಡಬೇಡ. ಇದನ್ನು ನಿನಗೆ ಯಾಕೆ ಹೇಳುತ್ತಿದ್ದೇನೆ ಎಂದು ನಿನಗೆ ಗೊತ್ತು.

ಚರ್ಮದ ಬೂಟು ಹಾಕಲು ಬಿಡಬೇಡ, ಅದು ಹೀರಿಕೊಳ್ಳುತ್ತದೆ. ಮೈಗೆ ಬಿದ್ದರೆ ತಣ್ಣೀರಲ್ಲಿ ತೊಳೆಯಲಿ, ಬಿಸಿನೀರು ಮುಟ್ಟಬಾರದು, ಅದು ಎಣ್ಣೆಯನ್ನು ಇನ್ನೂ ಬೇಗ ಒಳಗೆಳೆಯುತ್ತದೆ. ನಾನು ಬರೆದದ್ದು ಅವಳಿಗೆ ತಿಳಿಯುವುದು ಬೇಡ.

ಇತಿ,
ಹುಡುಗಿಯ ತಂದೆ


ಜನವರಿ 17

ಹುಡುಗಿಯ ತಂದೆಗೆ,

ಕಾಗದ ಸೇರಿತು. ಲಕೋಟೆಯ ಮೇಲಿನ ಅಕ್ಷರ ನೋಡಿಯೇ ತಿಳಿಯಿತು. ಒಡೆಯಲು ಎರಡು ದಿನ ಹಿಡಿಯಿತು.

ನಿನ್ನ ಮಗಳೆಂದು ಮೊದಲ ದಿನವೇ ಗೊತ್ತಾಗಿತ್ತು. ನಡಿಗೆ ನಿನ್ನದೇ, ಬಸ್ಸು ತಪ್ಪಿಹೋಗುತ್ತದೆ ಎನ್ನುವ ಹಾಗೆ. ನಾನೇನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ. ಕೆಲಸದಲ್ಲಿ ಚುರುಕು. ಹಳೆಯ ದಾಖಲೆ ಪುಸ್ತಕಗಳನ್ನು ತೆಗೆದು ಓದುವ ಹುಚ್ಚು ಬೇರೆ. ಹತ್ತು ವರ್ಷದಿಂದ ಆ ಬೀರುವನ್ನು ಜಿರಲೆ ಬಿಟ್ಟು ಯಾರೂ ತೆರೆದಿರಲಿಲ್ಲ.

ಅಡುಗೆ ಮಾತ್ರ ಹಾಗೇ ಇದೆ. ಅದೇ ನೈಟ್ರೊಬೆಂಜೀನ್, ಅದೇ ಕಬ್ಬಿಣದ ಪುಡಿ, ಅದಕ್ಕೊಂದಿಷ್ಟು ಆಮ್ಲ. ಆಮೇಲೆ ಸುಣ್ಣ ಹಾಕಿ, ಹಬೆ ಹಾಯಿಸಿ, ಎಣ್ಣೆ ಇಳಿಸುವುದು. ಕಬ್ಬಿಣವನ್ನು ಈಗಲೂ ಸ್ವಲ್ಪ ಸ್ವಲ್ಪವಾಗಿಯೇ ಹಾಕಬೇಕು, ಒಮ್ಮೆಲೇ ಸುರಿದರೆ ಕಡಾಯಿ ಉಕ್ಕುತ್ತದೆ. ತಾಳಿದವನು ಬಾಳಿಯಾನು ಎಂಬ ಮಾತನ್ನು ಹೇಳಿದವನು ನಮ್ಮ ಶೆಡ್ಡಿನಲ್ಲೇ ಕೆಲಸ ಮಾಡಿರಬೇಕು.

ತುಟಿಯ ವಿಚಾರ. ಕಾಲ ನಮ್ಮದಲ್ಲ. ಮಗಳ ವಯಸ್ಸಿನ ಹುಡುಗಿಯನ್ನು ಕಿಟಕಿಯ ಹತ್ತಿರ ನಿಲ್ಲಿಸಿ ತುಟಿ ತೋರಿಸು ಎಂದರೆ ಶೆಡ್ಡು ಏನೆಂದುಕೊಂಡೀತು? ನೀನು ಬಿಟ್ಟ ಮೇಲೆ ಆ ಪದ್ಧತಿಯೂ ನಿಂತುಹೋಯಿತು. ಮೂರು ತಿಂಗಳಿಗೊಮ್ಮೆ ವೈದ್ಯರು ರಕ್ತ ತೆಗೆದು ನೋಡುತ್ತಾರೆ. ರಬ್ಬರ್ ಬೂಟು, ಉದ್ದ ಕೈಗವಸು ಎಲ್ಲ ಇದೆ. ಶೆಡ್ಡಿಗೆ ಬಿಳಿ ದೀಪ ಹಾಕಿದ್ದಾರೆ.

ನೀನು ಇಷ್ಟು ಹೆದರುವ ಅಗತ್ಯವಿಲ್ಲ.

ಇತಿ,
ಫೋರ್ಮನ್


ಫೆಬ್ರವರಿ 2

ಫೋರ್ಮನ್ ಸಾಹೇಬರಿಗೆ,

ಮೂರು ತಿಂಗಳಿಗೊಮ್ಮೆ ಎಂದೆಯಲ್ಲ. ತುಟಿ ನೀಲಿಯಾಗಲು ಮೂರು ಗಂಟೆಯೂ ಬೇಡ. ನನಗೆ ಎಷ್ಟು ಹೊತ್ತು ಹಿಡಿಯಿತು ಎಂದು ನಿನಗೆ ನೆನಪಿಲ್ಲದಿದ್ದರೆ ನಾನು ಹೇಳುತ್ತೇನೆ. ಎರಡೂ ಮುಕ್ಕಾಲಿಗೆ ನೀನು ನೋಡಿ "ಏನೂ ಇಲ್ಲ, ಹೋಗು" ಎಂದೆ. ನಾಲ್ಕಕ್ಕೆ ನಾನು ಬಚ್ಚಲಿನಲ್ಲಿ ಬಿದ್ದಿದ್ದೆ. ಬಿಸಿನೀರು ಹೊಯ್ದುಕೊಂಡು ಉಳಿದದ್ದನ್ನೂ ನಾನೇ ಒಳಗೆ ಕರೆದುಕೊಂಡಿದ್ದೆ. ಕೆದಕುವುದಿಲ್ಲ ಎಂದು ಬರೆದಿದ್ದೆ. ಕೆದಕಿದ್ದೇನೆ. ನೀನೇ ಕೆದಕಿಸಿದೆ.

ಭಾನುವಾರ ಮಗಳು ಬಂದಿದ್ದಳು. ಊಟಕ್ಕೆ ಎದುರಿಗೆ ಕೂತು ಅವಳ ಬಾಯಿಯನ್ನೇ ನೋಡುತ್ತಿದ್ದೆನಂತೆ. "ಏನಪ್ಪಾ, ಮೂತಿಗೆ ಏನಾದ್ರೂ ಅಂಟಿದ್ಯಾ?" ಎಂದಳು. ನಾನು ಇಲ್ಲ ಎಂದು ಗೋಡೆ ನೋಡಿದೆ. ಅವಳು ನೀರು ಕುಡಿಯಲು ತಲೆ ಎತ್ತಿದಾಗ ಮತ್ತೆ ನೋಡಿದೆ. ಅವಳ ಅಮ್ಮ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ಕೇಳು, ಇದು ಮುಖ್ಯ. ಸಂಜೆ ಹೊರಡುವಾಗ ಅವಳು ತುಟಿಗೆ ಬಣ್ಣ ಹಚ್ಚಿಕೊಂಡಳು. ದಟ್ಟ ಕೆಂಪು. ಹಿಂದೆಂದೂ ಹಚ್ಚಿದವಳಲ್ಲ. "ಕೆಲಸಕ್ಕೂ ಹಚ್ಚಿಕೊಂಡು ಹೋಗ್ತೀಯಾ?" ಎಂದೆ. "ಹೌದು, ಯಾಕೆ? ಹಚ್ಚಿದ್ರೆ ಯಾರೂ ಮಿಕಮಿಕ ನೋಡಲ್ಲ," ಎಂದು ಬ್ಯಾಗು ಎತ್ತಿಕೊಂಡು ಹೋದಳು.

ನಾನೇ ನನ್ನ ಕಣ್ಣಿನಿಂದ ಅವಳ ತುಟಿ ಮುಚ್ಚಿಸಿದೆನಲ್ಲ. ಆ ಕೆಂಪಿನ ಕೆಳಗೆ ಏನಾದರೂ ನೀಲಿ ಹರಿದರೆ ಯಾರಿಗೆ ಕಂಡೀತು? ನೀನು ಅವಳಿಗೆ ಹೇಳಬೇಕು. ಹೇಗೆ ಎಂದು ನನಗೆ ಗೊತ್ತಿಲ್ಲ. ನಾನು ಹೇಳಿದರೆ ಉಗುರಿಗೂ ಹಚ್ಚಿಕೊಂಡು ಬರುತ್ತಾಳೆ.

ಇತಿ,
ಹುಡುಗಿಯ ತಂದೆ


ಫೆಬ್ರವರಿ 19

ಹುಡುಗಿಯ ತಂದೆಗೆ,

ನಿನ್ನ ಕಾಗದ ಓದಿದ ಮೇಲೆ ನನಗೂ ನೆಮ್ಮದಿ ಹೋಯಿತು. ನೀನು ಎಂದೂ ಹಾಗೇ, ನಿನ್ನ ಗಾಬರಿಯನ್ನು ಪಕ್ಕದವನಿಗೆ ಅಂಟಿಸಿ ಬಿಡುತ್ತಿದ್ದೆ.

ಕಿಟಕಿಯ ಪಕ್ಕ ಒಂದು ಕನ್ನಡಿ ಹಾಕಿಸಿದೆ. ಪಾಳಿ ಮುಗಿದ ಮೇಲೆ ಎಲ್ಲರೂ ಅಲ್ಲಿ ನಿಲ್ಲಬೇಕು, ಮೊದಲು ನಾನು, ಆಮೇಲೆ ಉಳಿದವರು, ಜೋಡಿಯವರು ನೋಡಬೇಕು ಎಂದು ಹೇಳಿದೆ. ಹುಡುಗರು ನಕ್ಕರು. ಒಬ್ಬ "ಹುಟ್ಟಿದಾಗಿನಿಂದ ನಾನು ಕರಿಯ ಸಾರ್, ನನ್ನ ತುಟಿಯಲ್ಲಿ ಏನ್ ಕಾಣತ್ತೆ?" ಎಂದ. ಒಸಡು ತೋರಿಸು ಎಂದೆ. ತೋರಿಸಿದ.

ನಿನ್ನ ಮಗಳು ಮಾತ್ರ ಕೈಕಟ್ಟಿ ನಿಂತಳು. "ಸಾರ್, ಇದ್ದಕ್ಕಿದ್ದ ಹಾಗೆ ಯಾಕೆ ಇದು? ಕಾರಣ ಹೇಳಿ, ಮಾಡ್ತೀನಿ," ಎಂದಳು. "ಬಣ್ಣ ಒರೆಸಿಕೊಂಡು ಬಾ" ಎಂದೆ. "ರಕ್ತದ ವರದಿ ಸರಿ ಇದೆ," ಎಂದು ಹೇಳಿ ಹೋದಳು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ನನ್ನಂಥವನ ಮಾತನ್ನು ಅವಳಾದರೂ ಯಾಕೆ ಕೇಳಬೇಕು.

ಇನ್ನೊಂದು ವಿಷಯ. ಮುಚ್ಚಿಡಲಾರೆ. ಮೂರು ದಿನದ ಹಿಂದೆ ಅವಳು ಬೀರುವಿನಿಂದ ಒಂದು ಹಳೆಯ ಪುಸ್ತಕ ತೆಗೆದುಕೊಂಡು ಹೋದಳು. ಬೆನ್ನಿನ ಮೇಲೆ ಬರೆದಿದ್ದ ವರ್ಷ ನೋಡಿದೆ. ಆ ವರ್ಷದ್ದೇ. ಹಿಂದಿರುಗಿಸುವಾಗ ನನ್ನ ಮುಖ ನೋಡಲಿಲ್ಲ.

ಇತಿ,
ಫೋರ್ಮನ್


ಮಾರ್ಚ್ 6

ಅಪ್ಪಾ,

ಈ ಭಾನುವಾರ ಬರುವುದಿಲ್ಲ. ಮುಂದಿನ ಭಾನುವಾರವೂ ಬರಲಿಕ್ಕಿಲ್ಲ. ಅಮ್ಮನಿಗೆ ಕೆಲಸ ಜಾಸ್ತಿ ಎಂದು ಹೇಳಿದ್ದೇನೆ. ನಿನಗೆ ನಿಜ ಹೇಳುತ್ತೇನೆ. ಎದುರಿಗೆ ಕೂತರೆ ನಾನು ಕೇಳಬೇಕಾದ್ದನ್ನು ಕೇಳುವುದಿಲ್ಲ, ನೀನು ಗೋಡೆ ನೋಡುತ್ತೀಯ. ಕಾಗದದಲ್ಲಿ ಗೋಡೆ ಇಲ್ಲವಲ್ಲ.

ನೀನು ಫೋರ್ಮನ್‌ಗೆ ಬರೆಯುತ್ತಿದ್ದೀಯ ಎಂದು ಗೊತ್ತು. ಆ ನಡುಗುವ ಅಕ್ಷರದ ಲಕೋಟೆ ಅವರ ಜೇಬಿನಿಂದ ಇಣುಕುತ್ತಿತ್ತು. ಅವರ ಮೇಲೆ ನಿನಗೆ ಎಷ್ಟು ಸಿಟ್ಟು ಎಂದು ಕೇಳಿಕೊಂಡೇ ಬೆಳೆದವಳು ನಾನು. ನೀನು ಬಿದ್ದಾಗ ನನಗೆ ಹನ್ನೆರಡು. ಮನೆಯಲ್ಲಿ ಅವರ ಹೆಸರು ತೆಗೆದರೆ ಲೋಟ ನೆಲಕ್ಕೆ ಬೀಳುತ್ತಿತ್ತು. "ಕಣ್ಣಿದ್ದೂ ನೋಡದೆ ನನ್ನ ಕಳಿಸಿದ" ಎನ್ನುತ್ತಿದ್ದೆ. ನಾನು ಈ ಶೆಡ್ಡನ್ನು ಕೇಳಿ ಹಾಕಿಸಿಕೊಂಡದ್ದು ಅದಕ್ಕೇ. ಆವತ್ತು ಏನಾಯಿತು ಎಂದು ತಿಳಿಯಬೇಕಿತ್ತು.

ಮೊದಲು ಆ ದೀಪದ ವಿಷಯ. ಎಣ್ಣೆ ಇಳಿಸುವ ಮೂಲೆಯಲ್ಲಿ ಒಂದು ಹಳೆಯ ಹಳದಿ ಸೋಡಿಯಂ ದೀಪ ಇನ್ನೂ ಉಳಿದಿದೆ. ಅದರ ಕೆಳಗೆ ಒಂದು ನೀಲಿ ಪೆನ್ಸಿಲು, ಒಂದು ಕೆಂಪು ಪೆನ್ಸಿಲು ಹಿಡಿದು ನೋಡಿದೆ. ಎರಡೂ ಬೂದಿ ಬಣ್ಣ. ನನ್ನ ಬಣ್ಣ ಹಚ್ಚಿದ ತುಟಿಯೂ ಬೂದಿ, ಒರೆಸಿದ ತುಟಿಯೂ ಬೂದಿ. ಆ ದೀಪದ ಕೆಳಗೆ ದೇವರೇ ಬಂದು ನೋಡಿದರೂ ನೀಲಿ ಕಾಣುತ್ತಿರಲಿಲ್ಲ ಅಪ್ಪಾ. ಅವರು ಕಣ್ಣು ಮುಚ್ಚಿಕೊಂಡಿರಲಿಲ್ಲ.

ಇನ್ನು ಪುಸ್ತಕ. ಆವತ್ತಿನ ಪುಟ ಇದೆ. ಅವರ ಅಕ್ಷರ. "ಮಧ್ಯಾಹ್ನ 2.20. ಎರಡನೇ ಕಡಾಯಿ ಉಕ್ಕಿತು. ಕಬ್ಬಿಣ ಬೇಗ ಬಿದ್ದಿದೆ. 2.45. ಮೈಮೇಲೆ ಚೆಲ್ಲಿದೆಯೇ ಎಂದು ಕೇಳಲಾಗಿದೆ. ಇಲ್ಲ. ತುಟಿ ನೋಡಲಾಗಿದೆ, ದೀಪದ ಕೆಳಗೆ. ಸರಿ." ಆ "ಇಲ್ಲ"ದ ಪಕ್ಕದಲ್ಲಿ ನಿನ್ನ ಸಹಿ ಇದೆ. ನಡುಗದ ಸಹಿ. ನಿನ್ನ ಕೈ ಅಷ್ಟು ನೆಟ್ಟಗಿತ್ತು ಎಂದು ನಾನು ಮರೆತೇಬಿಟ್ಟಿದ್ದೆ.

ಕೇಳುತ್ತೇನೆ. ಚೆಲ್ಲಿರಲಿಲ್ಲವಾದರೆ ಅಷ್ಟೊಂದು ಎಲ್ಲಿಂದ ಒಳಗೆ ಹೋಯಿತು? ತನಿಖೆಯವರು ಗಾಳಿಯಲ್ಲಿ ಬಂದಿರಬೇಕು ಎಂದು ಬರೆದಿದ್ದಾರೆ. ನಾನು ಲೆಕ್ಕ ಹಾಕಿದೆ. ಅವತ್ತು ಅದೇ ಗಾಳಿ ಉಸಿರಾಡಿದ ಏಳು ಜನಕ್ಕೆ ಏನೂ ಆಗಿಲ್ಲ. ನೀನು "ಇಲ್ಲ" ಎಂದದ್ದು ನಿಜವೇ?

ಹೆದರಬೇಡ, ನಾನು ಜಾಗ್ರತೆಯಾಗಿದ್ದೇನೆ. ಕೈಗವಸು ತೂತಾಗಿದೆಯೋ ಎಂದು ನೋಡಲು ಒಂದು ಉಪಾಯ ಮಾಡಿದ್ದೇನೆ. ಒಳಗೆ ನೀರಾಡಿಸಿ ಅದಕ್ಕೆ ಬ್ಲೀಚಿಂಗ್ ಪುಡಿಯ ನೀರು ಎರಡು ಹನಿ ಬಿಟ್ಟರೆ, ಅನಿಲೀನ್ ಒಂದು ಚೂರು ಇದ್ದರೂ ನೇರಳೆ ಬಣ್ಣ ಬರುತ್ತದೆ. ವಾರಕ್ಕೊಮ್ಮೆ ಎಲ್ಲರ ಗವಸೂ ನೋಡುತ್ತೇನೆ.

ಬಣ್ಣ ಮಾಡುವ ಪಕ್ಕದ ಐಸಿನ ಶೆಡ್ಡಿಗೂ ಹೋಗಿ ಬಂದೆ. ನಮ್ಮ ಎಣ್ಣೆಯನ್ನು ಐಸಿನಲ್ಲಿಟ್ಟು, ಐದು ಡಿಗ್ರಿ ದಾಟದ ಹಾಗೆ ಕಾದು, ನೈಟ್ರೈಟ್ ಹನಿಸಿ, ಆಮೇಲೆ ಇನ್ನೊಂದು ತೊಟ್ಟಿಗೆ ಸುರಿದರು. ಸುರಿದಲ್ಲೇ ಕಿತ್ತಳೆ ಬಣ್ಣ ಹುಟ್ಟಿತು. ಶಾಲೆಗೆಂದು ನೀನು ತಂದುಕೊಟ್ಟ, ನನ್ನ ಹತ್ತಿರ ಇನ್ನೂ ಇರುವ ಆ ಬಟ್ಟೆಯ ತುಂಡಿನ ಬಣ್ಣವೇ. ನೆನಪಿದೆಯಾ ನಿನಗೆ?

ಉತ್ತರ ಬರೆ.

ನಿನ್ನ,
ಮಗಳು


ಮಾರ್ಚ್ 27

ಅಪ್ಪಾ,

ಮೂರು ವಾರವಾಯಿತು. ಉತ್ತರ ಇಲ್ಲ. ಅಮ್ಮನನ್ನು ಕೇಳಿದರೆ "ದಿನಾ ಪೆನ್ನು ಹಿಡಿದು ಕೂರ್ತಾರೆ, ಎದ್ದು ಹೋಗ್ತಾರೆ" ಎಂದಳು. ಬರೆಯದೆ ಇರುವುದೂ ಒಂದು ಉತ್ತರ ಎಂದುಕೊಳ್ಳಲೇ? ನನಗೆ ಹಾಗೆ ಅಂದುಕೊಳ್ಳಲು ಇಷ್ಟವಿಲ್ಲ.

ಇಲ್ಲಿ ಕೆಲಸ ಜೋರು. ಇಬ್ಬರು ರಜೆ ಹಾಕಿದ್ದಾರೆ, ಅವರ ಕಡಾಯಿಯೂ ನನ್ನ ತಲೆಗೆ ಬಿದ್ದಿದೆ. ಎರಡು ವಾರದಿಂದ ಗವಸು ಪರೀಕ್ಷೆಗೂ ಪುರುಸೊತ್ತಿಲ್ಲ. ನಾಲ್ಕೈದು ದಿನದಿಂದ ಸಂಜೆಯ ಹೊತ್ತಿಗೆ ಸಣ್ಣಗೆ ತಲೆನೋವು, ಮೆಟ್ಟಿಲು ಹತ್ತಿದರೆ ಏದುಸಿರು. ನಿದ್ದೆ ಕಡಿಮೆಯಾದದ್ದಕ್ಕೆ ಇರಬೇಕು. ಫೋರ್ಮನ್‌ಗೆ ಹೇಳಿಲ್ಲ, ಅವರ ಕಿಟಕಿಯ ಹತ್ತಿರವೂ ನಿಂತಿಲ್ಲ. ಹೇಳಿದರೆ ಹೊರಗಿನ ಬೆಂಚಿನ ಮೇಲೆ ಕೂರಿಸಿ ಕಡಾಯಿಯನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾರೆ. ಇನ್ನು ನಾಲ್ಕು ದಿನದಲ್ಲಿ ಈ ಸರಕು ಮುಗಿಯುತ್ತದೆ.

ಬೈದಾದರೂ ಒಂದು ಸಾಲು ಬರೆ.

ನಿನ್ನ,
ಮಗಳು


ಮಾರ್ಚ್ 30

ಮಗಳೇ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ನಾಳೆ ಬೆಳಗಿನ ಮೊದಲ ಬಸ್ಸಿಗೆ ನಾನೇ ತಂದು ಗೇಟಿನಲ್ಲಿ ಕೊಡುತ್ತೇನೆ. ನಿನ್ನ ಕಾಗದ ಇವತ್ತು ಬಂತು. ಕೂಡಲೇ ಫೋನು ಮಾಡಿದೆ, ನೀನು ಎತ್ತಲಿಲ್ಲ. ಆಮೇಲೆ ನಿನ್ನ ಅಮ್ಮ ಮಾಡಿದಾಗ ಎತ್ತಿ "ಚೆನ್ನಾಗಿದೀನಿ" ಎಂದೆಯಂತೆ. ಆ ಮಾತನ್ನು ನಾನು ನಂಬುವುದಿಲ್ಲ. ಯಾಕೆ ನಂಬುವುದಿಲ್ಲ ಎಂದು ಹೇಳಿದರೆ ನೀನು ಕೇಳಿದ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಚೆಲ್ಲಿತ್ತು.

ಆವತ್ತು ಮೂರು ಗಂಟೆಗೆ ಐಸಿನ ಶೆಡ್ಡಿನಲ್ಲಿ ಹೊಸ ಕಿತ್ತಳೆ ಬಣ್ಣ ಸುರಿಯುವವರಿದ್ದರು. ನೀನು ಶಾಲೆಗೆ ಏನೋ ಮಾಡುತ್ತಿದ್ದೆ, ಅಪ್ಪ ಏನು ತಯಾರಿಸುತ್ತಾನೆ ಎಂದು ತೋರಿಸಬೇಕಿತ್ತು. ನಮ್ಮ ಶೆಡ್ಡಿನಲ್ಲಿ ತೋರಿಸಲು ಏನಿದೆ? ನಾತದ ಎಣ್ಣೆ. ಹೊಸದಾಗಿ ಇಳಿಸಿದಾಗ ನೀರಿನ ಹಾಗೆ ಇರುತ್ತದೆ, ಗಾಳಿ ಕಂಡರೆ ಕಂದು ಬಣ್ಣಕ್ಕೆ ತಿರುಗುತ್ತದೆ. ನಿನಗೆ ಬಣ್ಣ ಬೇಕಿತ್ತು. ಬಟ್ಟೆಯ ತುಂಡೊಂದನ್ನು ಆ ತೊಟ್ಟಿಯಲ್ಲಿ ಅದ್ದಿ ತರುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಮೂರಕ್ಕೆ ಅಲ್ಲಿರಬೇಕೆಂದು ಕಬ್ಬಿಣವನ್ನು ಬೇಗ ಬೇಗ ಹಾಕಿದೆ. ನನ್ನನ್ನು ಶೆಡ್ಡಿನಲ್ಲಿ ಗಡಿಬಿಡಿ ಎಂದೇ ಕರೆಯುತ್ತಿದ್ದರು. ಈಗ ನಿನ್ನ ಫೋರ್ಮನ್ ಆಗಿರುವ ನನ್ನ ಜೋಡಿಯ ಅಡ್ಡಹೆಸರು ನಿಧಾನ. ಕಡಾಯಿ ಉಕ್ಕಿ ಎಡಗಾಲಿನ ಬೂಟಿನೊಳಗೆ ಇಳಿಯಿತು. ಚರ್ಮದ ಬೂಟು. ಒಳಗೆ ಬೆಚ್ಚಗೆ ಒದ್ದೆಯಾಗಿದ್ದು ಚೆನ್ನಾಗಿ ಗೊತ್ತಾಯಿತು. ಹೇಳಿದರೆ ಬಟ್ಟೆ ಬಿಚ್ಚಿಸಿ, ತಣ್ಣೀರು ಹೊಯ್ದು, ಬೆಂಚಿನ ಮೇಲೆ ಎರಡು ಗಂಟೆ ಕೂರಿಸುತ್ತಿದ್ದರು. ಅವನು ಕೇಳಿದ, "ಮೈಮೇಲೇನೂ ಬಿದ್ದಿಲ್ಲ ತಾನೆ?" ಇಲ್ಲ ಎಂದೆ. "ಕಿಟಕಿ ಹತ್ರ ಬಾ, ನೋಡೋಣ," ಎಂದ. "ಇಲ್ಲೇ ನೋಡೋ ಮಾರಾಯ, ಹೊತ್ತಾಯ್ತು," ಎಂದೆ. ದೀಪದ ಕೆಳಗೆ ನಿಂತವನು ನಾನೇ, ಅವನು ನಿಲ್ಲಿಸಲಿಲ್ಲ.

ಐಸಿನ ಶೆಡ್ಡಿಗೆ ಹೋದರೆ ಸುರಿಯುವುದು ತಡವಾಗಿತ್ತು. ತಲೆ ಸುತ್ತುತ್ತಿತ್ತು. ಬರಿಗೈಯಲ್ಲಿ ಮನೆಗೆ ಬಂದೆ, ಆಗ ಗೇಟಿನ ಎದುರೇ ಇದ್ದೆವಲ್ಲ. ಬೂಟು ಬಿಚ್ಚಿದವಳು ನಿನ್ನ ಅಮ್ಮ. ಅವಳಿಗೆ ಗೊತ್ತು. ಬೂಟನ್ನು ಎಸೆದಳು, ಒಂದು ದಿನವೂ ಆ ಮಾತು ಎತ್ತಲಿಲ್ಲ. ಆ ಕಿತ್ತಳೆ ತುಂಡನ್ನು ನಿನಗೆ ತಂದುಕೊಟ್ಟವನು ನಾನಲ್ಲ. ನಾನು ಆಸ್ಪತ್ರೆಯಲ್ಲಿದ್ದಾಗ ಅವನು ತಂದು ನನ್ನ ದಿಂಬಿನ ಪಕ್ಕ ಇಟ್ಟು ಹೋಗಿದ್ದ. ನಾನು ತಂದೆ ಎಂದು ನಿನಗೆ ಹೇಳಿದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ. ನಾನು ಹನ್ನೊಂದು ವರ್ಷ ಅವನ ಹೆಗಲನ್ನೇ ತೋರಿಸಿದೆ. ಬಾಗಿಲಿಗೆ ಬಂದವನನ್ನು ಎರಡು ಸಲ ಹೊರಗಿನಿಂದಲೇ ಕಳಿಸಿದೆ. ನಾಚಿಕೆಯಾಗುತ್ತದೆ. ನಿನ್ನ ಮುಂದೆ ಬಹಳ ನಾಚಿಕೆಯಾಗುತ್ತದೆ. ಮೂರು ವಾರ ಬರೆಯದೆ ಕೂತದ್ದು ಅದಕ್ಕೇ. ನಿನ್ನ ತಲೆನೋವಿನ ಸಾಲು ಓದದಿದ್ದರೆ ಇನ್ನೂ ಕೂತಿರುತ್ತಿದ್ದೆನೋ ಏನೋ.

ಆ ತಲೆನೋವು ನಿದ್ದೆಯದಲ್ಲ. ಬೆಂಚಿನ ಮೇಲೆ ಕೂರಿಸಿಬಿಡುತ್ತಾರೆ ಎಂದು ಬರೆದಿದ್ದೀಯ. ನಾನೂ ಹಾಗೆಯೇ ಯೋಚಿಸಿದ್ದೆ ಮಗಳೇ, ಅದೇ ಶೆಡ್ಡು, ಅದೇ ಬೆಂಚು. ನಡಿಗೆ ನನ್ನದು ಬಂದಿದೆ ಎಂದರೆ ಬರಲಿ, ಇದು ಬರಬಾರದು. ಇದನ್ನು ಓದಿದ ಕೂಡಲೇ ಗವಸು ನೋಡು. ತುಟಿಯ ಬಣ್ಣ ಒರೆಸು. ಕಿಟಕಿಗೆ ಹೋಗು. ಅವನಿಗೆ ತೋರಿಸು. ಈ ಕಾಗದವನ್ನೂ ಅವನಿಗೆ ಕೊಡು, ಅವನ ಎದುರು ನಿಂತು ಹೇಳುವ ಧೈರ್ಯ ನನಗಿಲ್ಲ.

ನಿನ್ನ ಅಪ್ಪ,
ಗಡಿಬಿಡಿ


ಮಾರ್ಚ್ 31

ಗಡಿಬಿಡಿ,

ಮಗಳು ಚೆನ್ನಾಗಿದ್ದಾಳೆ. ಮೊದಲು ಅದನ್ನು ಎರಡು ಸಲ ಓದು, ಆಮೇಲೆ ಉಳಿದದ್ದು. ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿದ್ದಾಳೆ. ನಿನಗೆ ಮಾತ್ರ ಕಾಗದದಲ್ಲೇ ಬರೆಯಬೇಕೆಂದು ನನಗೆ ಅಪ್ಪಣೆ ಮಾಡಿದ್ದಾಳೆ, ಆಸ್ಪತ್ರೆಯ ಮಂಚದ ಮೇಲಿಂದ.

ಗೇಟಿನವನು ಹೇಳಿದ, ಕೈ ನಡುಗುವ ಒಬ್ಬರು ಲಕೋಟೆ ಕೊಟ್ಟು, ಎದುರಿನ ಮರದ ಕೆಳಗೆ ಸ್ವಲ್ಪ ಹೊತ್ತು ನಿಂತಿದ್ದು, ನಾನು ಬರುತ್ತೇನೆ ಎಂದು ತಿಳಿದ ಕೂಡಲೇ ಬಸ್ಸು ಹತ್ತಿಬಿಟ್ಟರು ಎಂದು. ನಿನಗೆ ಆ ಹೆಸರನ್ನು ನಾವು ಸುಮ್ಮನೆ ಇಡಲಿಲ್ಲ.

ಅವಳು ಚಹಾದ ವಿರಾಮದಲ್ಲಿ ಓದಿದಳಂತೆ. ನಾನು ದೂರದಿಂದ ನೋಡುತ್ತಿದ್ದೆ. ಕಾಗದ ಮಡಚಿ ಜೇಬಿಗಿಟ್ಟಳು. ಗವಸಿನೊಳಗೆ ನೀರಾಡಿಸಿ ಬಟ್ಟಲಿಗೆ ಹೊಯ್ದಳು, ಬ್ಲೀಚಿಂಗ್ ನೀರು ಬಿಟ್ಟಳು. ಎಡಗೈಯದು ತಿಳಿಯಾಗಿಯೇ ಇತ್ತು. ಬಲಗೈಯದು ನೇರಳೆಯಾಯಿತು. ಹೆಬ್ಬೆರಳಿನ ಬುಡದಲ್ಲಿ ಸೂಜಿಮೊನೆಯಷ್ಟು ತೂತು. ಎಷ್ಟು ದಿನದಿಂದ ಇತ್ತೋ.

ಆಮೇಲೆ ನೇರ ಕಿಟಕಿಗೆ ನಡೆದಳು. ಓಡಲಿಲ್ಲ, ಅದನ್ನು ಗಮನಿಸಿದೆ. ಕರವಸ್ತ್ರದಿಂದ ತುಟಿ ಒರೆಸಿಕೊಂಡು, ನನ್ನ ಕಡೆ ತಿರುಗಿ, "ಸಾರ್, ನೋಡಿ," ಎಂದಳು. ನನ್ನ ಕನ್ನಡಕ ಸಿಗಲಿಲ್ಲ. ಹಣೆಯ ಮೇಲೆಯೇ ಇತ್ತು. ಹತ್ತಿರ ಹೋಗಿ ನೋಡಿದೆ. ನೋಡಿದ್ದು ಸಾಲದೆ ಮತ್ತೆ ನೋಡಿದೆ. ಒಳ ಅಂಚಿನಲ್ಲಿ ನೀಲಿ ಇತ್ತು. ಉಗುರಿನ ಬುಡದಲ್ಲೂ ಇತ್ತು. "ಇದೆ ಮಗಳೇ," ಎಂದೆ. "ಬೆಂಚಿಗೆ ಹೋಗ್ತೀನಿ," ಎಂದು ತಾನೇ ಹೋಗಿ ಕೂತಳು.

ತಣ್ಣೀರು, ಆಮ್ಲಜನಕ, ಗಾಡಿ ಎಲ್ಲ ಹತ್ತು ನಿಮಿಷದಲ್ಲಿ. ಆಸ್ಪತ್ರೆಯಲ್ಲಿ ನಿನಗೆ ಕೊಟ್ಟಿದ್ದ ಆ ನೀಲಿ ಔಷಧಿಯನ್ನೇ ನರಕ್ಕೆ ಹಾಕಿದರು. ನೀಲಿಯಾದವರಿಗೆ ನೀಲಿಯನ್ನೇ ಕೊಡುತ್ತಾರಲ್ಲ ಎಂದು ಆವತ್ತೂ ನನಗೆ ಆಶ್ಚರ್ಯವಾಗಿತ್ತು. ಒಂದು ಗಂಟೆಯಲ್ಲಿ ತುಟಿಗೆ ಕೆಂಪು ಬಂತು. ವೈದ್ಯೆ ಹೇಳಿದರು, ಇವತ್ತು ಸಂಜೆಯವರೆಗೂ ಕೆಲಸ ಮಾಡಿ, ಹೋಗಿ ಬಿಸಿನೀರಲ್ಲಿ ಸ್ನಾನ ಮಾಡಿದ್ದರೆ ಮಾತು ಬೇರೆಯಾಗುತ್ತಿತ್ತು ಎಂದು. ಎರಡು ದಿನ ಇಟ್ಟುಕೊಳ್ಳುತ್ತಾರೆ. ಮೂತ್ರ ಹಸಿರಾಗಿದೆ ಎಂದು ದಾದಿಗೆ ಹೇಳಿ ನಗುತ್ತಿದ್ದಳು.

ನಿನ್ನ ಕಾಗದವನ್ನು ನನಗೆ ಕೊಟ್ಟಳು. ಓದಿದೆ.

ಸಿಟ್ಟು ಬಂತು, ಸುಳ್ಳು ಹೇಳಲಾರೆ. ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿ ನೀನು. ಹನ್ನೊಂದು ವರ್ಷ ನಾನು ಯಾರ ತುಟಿ ನೋಡಿದರೂ ನಿನ್ನದೇ ಕಾಣುತ್ತಿತ್ತು. ಸಂತೆಯಲ್ಲಿ ಹಣ್ಣು ಮಾರುವವಳ ತುಟಿ, ನನ್ನ ಹೆಂಡತಿಯ ತುಟಿ, ನಿದ್ದೆ ಮಾಡುವ ಮೊಮ್ಮಗುವಿನ ತುಟಿ. ನನ್ನ ಕಣ್ಣಿನಲ್ಲೇ ಏನೋ ದೋಷವಿದೆ ಎಂದು ಮೂರು ಸಲ ಪರೀಕ್ಷೆ ಮಾಡಿಸಿಕೊಂಡೆ. ಬೂಟು ಒದ್ದೆಯಾಗಿತ್ತು ಎಂದು ಒಂದು ಸಾಲು ಬರೆಯಲಿಲ್ಲವಲ್ಲೋ ನೀನು.

ನೀನು "ಇಲ್ಲ" ಎಂದು ಸಹಿ ಹಾಕಿದ್ದು ನನಗೆ ನೆನಪಿತ್ತು. ಕೈ ನಡುಗುವವನ ಮುಂದೆ ಪುಸ್ತಕ ಹಿಡಿದು ನಿಂತು ವಾದ ಗೆದ್ದು ಏನು ಮಾಡಲಿ ಎಂದು ಸುಮ್ಮನಿದ್ದೆ. ಮತ್ತೊಂದು ಮಾತೂ ಇದೆ, ಅದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಕಿಟಕಿ ಹತ್ತು ಹೆಜ್ಜೆಯ ದೂರದಲ್ಲಿತ್ತು. ಇಲ್ಲೇ ನೋಡು ಎಂದು ನೀನು ಹೇಳಿದಾಗ ನಾನು ನಿನ್ನ ಕುತ್ತಿಗೆಪಟ್ಟಿ ಹಿಡಿದು ಎಳೆದುಕೊಂಡು ಹೋಗಬೇಕಿತ್ತು. ನನ್ನ ಕಾಲು ನೋಯುತ್ತಿತ್ತು, ಪಾಳಿ ಮುಗಿಯುತ್ತಿತ್ತು, ಹೋಗಲಿ ಬಿಡು ಅನ್ನಿಸಿತು. ಬೂಟಿನ ಪಾಪ ನಿನ್ನದು. ಆ ಹತ್ತು ಹೆಜ್ಜೆ ನನ್ನದು.

ಆ ಹಳದಿ ದೀಪವನ್ನು ಇವತ್ತು ಮಧ್ಯಾಹ್ನ ಏಣಿ ಹಾಕಿ ನಾನೇ ಕಿತ್ತೆ.

ಭಾನುವಾರ ಹನ್ನೊಂದರ ಬಸ್ಸಿಗೆ ಬರುತ್ತೇನೆ. ಮಗಳನ್ನು ಕರೆದುಕೊಂಡೇ ಬರುತ್ತೇನೆ. ಈ ಸಲ ಬಾಗಿಲಿನಿಂದ ಕಳಿಸಿದರೆ ಕಿಟಕಿಯಿಂದ ಇಳಿಯುತ್ತೇನೆ. ಮನೆಯ ಮುಂದೆ, ಬಿಸಿಲು ಬೀಳುವ ಕಡೆ, ಎರಡು ಕುರ್ಚಿ ಹಾಕಿ ಒಂದರಲ್ಲಿ ನೀನು ಕೂತಿರು. ಮುಖ ಹೊರಗೆ ಮಾಡಿಕೊಂಡು ಕೂರು. ನಾನು ನಿನ್ನ ತುಟಿ ಸರಿಯಾಗಿ ನೋಡಬೇಕು.

ನಿನ್ನ ಜೋಡಿ,
ನಿಧಾನ